ಬಾಲವಿದ್ದ ಅಕ್ಷರ

ಠಾಕುರ್ಲಿ ಪೂರ್ವ
೧೯ ನವೆಂಬರ್ ೨೦೧೩

ಪ್ರೀತಿಯ ಗುರಮ್ಮಕ್ಕನಿಗೆ ರಮಿತಾಳ ನಮಸ್ಕಾರಗಳು.

ನಿಮ್ಮ ಕಾಗದ ದಸರೆಗೇ ಬಂದಿತ್ತು. ದೀಪಾವಳಿಯೂ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಿರಿ, ಬೇಡ ಎನ್ನುವುದಿಲ್ಲ. ಒಂದು ಫೋನು ಮಾಡಿದರೆ ಮುಗಿಯಿತಲ್ಲ ಎಂದು ಇವರು ಹೇಳುತ್ತಾರೆ. ನಿಮ್ಮ ಕಿವಿಯ ಸಂಗತಿ ಇವರಿಗೇನು ಗೊತ್ತು? ಕಳೆದ ಸಲ ನಾನು ಚಕ್ಕುಲಿ ಕಳಿಸುತ್ತೇನೆ ಎಂದರೆ ನೀವು ಚಪ್ಪಲಿ ಎಂದು ಕೇಳಿಸಿಕೊಂಡು, ನನ್ನ ಕಾಲಿನ ಅಳತೆ ನಿನಗೆ ಗೊತ್ತೇನು ಎಂದು ಕೇಳಿದ್ದಿರಿ. ಅದಕ್ಕೇ ನಮ್ಮಿಬ್ಬರಿಗೆ ಕಾಗದವೇ ಕ್ಷೇಮ. ಗದಗದಲ್ಲಿ ಮಗಳು, ಅಳಿಯ, ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದಾರೆಂದು ತಿಳಿಯುತ್ತೇನೆ.

ನಾವೂ ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ ಅಕ್ಕ. ನೀವು ಎತ್ತಿ ಆಡಿಸಿದ ಮಯೂರ್ ನನ್ನೊಡನೆ ಮಾತು ಬಿಟ್ಟಿದ್ದಾನೆ. ಹೋದ ಭಾನುವಾರದ ಹಿಂದಿನ ಭಾನುವಾರ ನೆರೂಲಿನಲ್ಲಿ ಅವನ ಫುಟ್‌ಬಾಲ್ ಪಂದ್ಯವಿತ್ತು, ಅಂದಿನಿಂದ ಹೀಗೆ. ಊಟಕ್ಕೆ ಬಾ ಎಂದರೆ ಬರುತ್ತಾನೆ, ಬಡಿಸಿದ್ದನ್ನು ತಿನ್ನುತ್ತಾನೆ, ತಟ್ಟೆ ತೊಳೆದಿಟ್ಟು ಏಳುತ್ತಾನೆ. ಬರುವ ಭಾನುವಾರ ನಮ್ಮ ಮೈದಾನದಲ್ಲೇ ಮರುಪಂದ್ಯವಿದೆ. ಅದಕ್ಕೆ ಆಡುವುದಿಲ್ಲ ಎಂದು ಅಪ್ಪನ ಹತ್ತಿರ ಹೇಳಿದ್ದಾನೆ, ನನ್ನ ಹತ್ತಿರ ಅದನ್ನೂ ಹೇಳಿಲ್ಲ. ನನಗೆ ತಲೆಬುಡ ತಿಳಿಯುತ್ತಿಲ್ಲ. ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ, ನಿಮಗಾದರೂ ಏನಾದರೂ ಹೊಳೆದರೆ ಹೇಳಿ.

ನೀವು ಈ ಬಿಲ್ಡಿಂಗು ಬಿಟ್ಟು ಹೋಗುವಾಗ ಮಯೂರ್ ಚಿಕ್ಕವನು. ನಿಮ್ಮ ಬಾಗಿಲ ಮುಂದೆ ಸೀಮೆಸುಣ್ಣ ಹಿಡಿದು ಕನ್ನಡ ಅಕ್ಷರ ತಿದ್ದುತ್ತಿದ್ದ. ಪ ಫ ಬ ಭ ಮ ದವರೆಗೆ ಬಂದಿತ್ತು, ಅಷ್ಟರಲ್ಲಿ ನೀವು ಗಂಟುಮೂಟೆ ಕಟ್ಟಿದಿರಿ. ಮುಂದಿನದನ್ನು ನಾನು ಕಲಿಸಬೇಕಿತ್ತು. ಅವನ ಇಂಗ್ಲಿಷ್ ಶಾಲೆ, ನನ್ನ ಹೊಲಿಗೆ ಯಂತ್ರ, ಇವರ ನೌಪಾಡಾದ ಹೋಟೆಲಿನ ಗಲ್ಲಾ ಇವುಗಳ ನಡುವೆ ಅದು ಹಾಗೇ ಉಳಿಯಿತು. ಈಗ ಹುಡುಗನಿಗೆ ಮನೆಯಲ್ಲಿ ತುಳು, ಗೆಳೆಯರೊಡನೆ ಹಿಂದಿ, ಕೆಳಗಿನ ಅಂಗಡಿಯಲ್ಲಿ ಮರಾಠಿ. ಕನ್ನಡ ಕಿವಿಗೆ ಅರ್ಥವಾಗುತ್ತದೆ, ಕಣ್ಣಿಗೆ ಆಗುವುದಿಲ್ಲ.

ಆದರೆ ಆಟದಲ್ಲಿ ಮಾತ್ರ ಅವನು ಜೋರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು, ಆದರೂ ಬರೆಯುತ್ತೇನೆ. ಠಾಕುರ್ಲಿ ಟೈಗರ್ಸ್ ಎಂಬ ತಂಡಕ್ಕೆ ಮುಂದಿನ ಸಾಲಿನಲ್ಲಿ ಆಡುವವನು ಅವನೇ. ತಂಡದಲ್ಲಿ ಅರ್ಧ ನಮ್ಮ ಕಡೆಯವರು, ಅರ್ಧ ಮರಾಠಿ ಹುಡುಗರು. ಅವರ ಒಂದು ಪಂದ್ಯವನ್ನೂ ನಾನು ತಪ್ಪಿಸುವುದಿಲ್ಲ. ನನ್ನ ಗಂಟಲು ನಿಮಗೆ ಗೊತ್ತೇ ಇದೆ, ನಾಲ್ಕನೇ ಮಹಡಿಯಿಂದ ಕೂಗಿದರೆ ತರಕಾರಿಯವನು ಮುಂದಿನ ಗಲ್ಲಿಯಲ್ಲಿ ನಿಲ್ಲುತ್ತಾನೆ. ಮೈದಾನದಲ್ಲಿ ಎಲ್ಲರೂ ನನ್ನನ್ನು ಲೌಡ್‌ಸ್ಪೀಕರ್ ಆಂಟಿ ಎನ್ನುತ್ತಾರೆ. ನನಗೂ ಅದರ ಹೆಮ್ಮೆಯೇ.

ಅವರ ಹಳೆಯ ಜೆರ್ಸಿ ಹಳದಿ, ಮೇಲೆ ಕಪ್ಪು ಪಟ್ಟೆ, ಎದೆಯ ಮೇಲೆ ಇಂಗ್ಲಿಷ್ ಹೆಸರು. ಅದು ಬಣ್ಣಗೆಟ್ಟು ಒರಸುವ ಬಟ್ಟೆಯ ಹಾಗಾಗಿತ್ತು. ಹೊಸದು ಹೊಲಿಸುವ ಮಾತು ಬಂದಾಗಿನಿಂದ ನಾನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದೆ, ಎದೆಯ ಮೇಲೆ ನಮ್ಮ ಭಾಷೆಯದು ಎರಡು ಅಕ್ಷರ ಇದ್ದರೆ ಏನು ಭಾರವಾಗುತ್ತದೆಯೇ ಎಂದು. ಮಯೂರ್ ಉತ್ತರ ಕೊಡುತ್ತಿರಲಿಲ್ಲ. ಕೇಳಿಸಿಕೊಂಡೇ ಇಲ್ಲ ಎಂದುಕೊಂಡಿದ್ದೆ.

ಆ ಭಾನುವಾರ ಠಾಕುರ್ಲಿಯಿಂದ ಠಾಣೆಗೆ ಬಂದು, ಅಲ್ಲಿಂದ ನೆರೂಲಿನ ಗಾಡಿ ಹತ್ತಿದೆವು. ಕೋಪರಿಯ ಚೆನ್ನಯಣ್ಣ ಠಾಣೆಯಲ್ಲಿ ಬಂದು ಸೇರಿದರು. ನವರಾತ್ರಿಯಲ್ಲಿ ಹುಲಿವೇಷಕ್ಕೆ ತಾಸೆ ಬಡಿಯುತ್ತಾರಲ್ಲ, ಅವರೇ. ತಾಸೆ ತಂದಿದ್ದರು. ಗಾಡಿಯಲ್ಲಿ ಒಂದು ಸುತ್ತು ಬಡಿದದ್ದೂ ಆಯಿತು, ಎದುರಿನ ಮುದುಕರೊಬ್ಬರು ಬೈದದ್ದೂ ಆಯಿತು. ಹುಡುಗರೆಲ್ಲ ಆ ಸೆಕೆಯಲ್ಲೂ ಜಾಕೆಟಿನ ಜಿಪ್ ಕುತ್ತಿಗೆಯವರೆಗೆ ಎಳೆದುಕೊಂಡು ಕೂತಿದ್ದರು. ಹೊಸ ಜೆರ್ಸಿ ಮೈದಾನದಲ್ಲೇ ತೋರಿಸುವುದಂತೆ. ಮಯೂರ್ ನನ್ನ ಕಡೆ ನೋಡಿ ನೋಡಿ ನಗುತ್ತಿದ್ದ. ಎಷ್ಟೋ ದಿನದಿಂದ ಅವನು ಹಾಗೆ ನನ್ನನ್ನು ನೋಡಿ ನಕ್ಕಿರಲಿಲ್ಲ, ಏನೋ ಇದೆ ಎಂದುಕೊಂಡೆ.

ನೆರೂಲಿನ ತಂಡದವರೂ ನಮ್ಮವರೇ. ಕುಂದಾಪುರ, ಉಡುಪಿ ಕಡೆಯ ಹೋಟೆಲಿನವರ ಮಕ್ಕಳು. ಅವರ ಅಪ್ಪ, ಮಾವ, ಚಿಕ್ಕಪ್ಪಂದಿರೆಲ್ಲ ಆ ಬದಿ ಸಾಲಾಗಿ ಕೂತಿದ್ದರು. ನಮ್ಮ ಹುಡುಗರು ನಡುವೆ ಹೋಗಿ ನಿಂತು ಒಟ್ಟಿಗೆ ಜಾಕೆಟ್ ಕಳಚಿದರು.

ಅಕ್ಕ, ಮೊದಲು ಬಣ್ಣ ಹೇಳುತ್ತೇನೆ. ಹುಲಿಯ ಬಣ್ಣವೆಂದು ಹೇಳಿ ಮಾಡಿಸಿದ್ದಂತೆ. ಬಂದದ್ದು ಕೇಸರಿಯೂ ಅಲ್ಲ, ಕಂದೂ ಅಲ್ಲ, ನಿನ್ನೆಯ ಸಾಂಬಾರು. ಅದರ ಮೇಲೆ ಎದೆಯ ತುಂಬ ದೊಡ್ಡದಾಗಿ, ಬಿಳಿಯಲ್ಲಿ, ಕನ್ನಡದಲ್ಲಿ ಏನು ಬರೆದಿತ್ತು ಗೊತ್ತೇ? ಹುಳಿ. ಹುಲಿ ಅಲ್ಲ, ಹುಳಿ. ಹನ್ನೊಂದು ಜನರ ಎದೆಯ ಮೇಲೂ ಹುಳಿ.

ನನಗೆ ತಡೆಯಲಾಗಲಿಲ್ಲ. ಅಯ್ಯಯ್ಯೋ, ಇದು ಹುಲಿಯಲ್ಲ ಮಾರಾಯ್ರೆ, ಹುಳಿ ಎಂದು ಓದಿದೆ. ನನ್ನ ಓದುವಿಕೆ ಎಂದರೆ ಇಡೀ ಮೈದಾನಕ್ಕೆ ಓದಿದ ಹಾಗೆ. ಇವರು ನಕ್ಕರು, ಚೆನ್ನಯಣ್ಣ ತಾಸೆಯ ಮೇಲೆ ಬಗ್ಗಿ ನಕ್ಕರು, ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಬದಿಯವರು ಅಲ್ಲಿಯವರೆಗೆ ಚಹಾ ಕುಡಿಯುತ್ತ ಕೂತಿದ್ದವರು, ಕತ್ತು ಉದ್ದ ಮಾಡಿ ನೋಡಿದರು. ಆಮೇಲೆ ಕೇಳಬೇಕೇ? ಅವರೆಲ್ಲ ಹೋಟೆಲಿನವರು. ಮೊದಲ ಗೋಲಿಗೆ ಉಪ್ಪು ಕಮ್ಮಿ ಎಂದು ಕೂಗಿದರು. ಎರಡನೆಯದಕ್ಕೆ ಇನ್ನೊಂದು ಸೌಟು ಹಾಕಿ ಎಂದರು. ನಮ್ಮ ಮರಾಠಿ ಹುಡುಗರು ಏನೂ ತಿಳಿಯದೆ ಪರಸ್ಪರ ಮುಖ ನೋಡಿಕೊಂಡರು. ಚೆಂಡು ಬಿಟ್ಟು ತಮ್ಮ ಎದೆ ನೋಡಿಕೊಳ್ಳತೊಡಗಿದರು.

ಮಯೂರನ ಕಾಲಿಗೆ ಒಂದು ಚೆಂಡು ಬಂದಿತ್ತು. ಎದುರಿಗೆ ಗೋಲ್‌ಕೀಪರ್ ಕೂಡ ಬಿದ್ದುಬಿಟ್ಟಿದ್ದ. ಸುಮ್ಮನೆ ತಳ್ಳಿದ್ದರೆ ಸಾಕಿತ್ತು. ಅವನು ಚೆಂಡಿನ ಪಕ್ಕ ನಿಂತೇ ಬಿಟ್ಟ, ನಮ್ಮ ಕಡೆ ನೋಡುತ್ತ. ನಾನು ಹೊಡಿ, ಹೊಡಿ ಎಂದು ಕೂಗಿದೆ. ಹೊಡೆಯಲಿಲ್ಲ. ನಾಲ್ಕು ಸೊನ್ನೆಯಿಂದ ಸೋತೆವು.

ಪಂದ್ಯ ಮುಗಿದ ಮೇಲೆ ನಮ್ಮವರದ್ದು ಒಬ್ಬೊಬ್ಬರದು ಒಂದೊಂದು ಮಾತು. ಮೈದಾನ ಸರಿ ಇರಲಿಲ್ಲ ಎಂದರು ಒಬ್ಬರು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಇಷ್ಟು ದೂರ ತಾಸೆ ಹೊತ್ತು ತಂದದ್ದು ಸಾಂಬಾರಿಗೆ ಬಡಿಯಲಿಕ್ಕಾ ಎಂದರು ಚೆನ್ನಯಣ್ಣ. ಹಾಲಿನಂತಹ ತಂಡಕ್ಕೆ ಹುಳಿ ಹಿಂಡಿದವನು ಯಾರೆಂದು ಎಲ್ಲರೂ ಕೇಳಿದರು. ಹುಡುಗರು ಬಾಯಿ ಬಿಡಲಿಲ್ಲ. ಮಯೂರ್ ಜಾಕೆಟ್ ಹಾಕಿ ಜಿಪ್ ಎಳೆದುಕೊಂಡವನು ಮನೆಗೆ ಬರುವವರೆಗೂ ಕಳಚಲಿಲ್ಲ. ಗಾಡಿಯಲ್ಲಿ ನಾನು ಪಕ್ಕದಲ್ಲಿ ಜಾಗ ಹಿಡಿದು ಕರೆದರೂ ಬಾಗಿಲಲ್ಲೇ ನಿಂತಿದ್ದ.

ಮನೆಗೆ ಬಂದು ಊಟಕ್ಕೆ ಕೂತಾಗಲೂ ನನ್ನ ಬಾಯಿ ನಿಲ್ಲಲಿಲ್ಲ. ಅದನ್ನು ಬರೆದ ಕತ್ತೆಯನ್ನು ಮೊದಲು ಬಾಲವಾಡಿಗೆ ಸೇರಿಸಬೇಕು ಎಂದೆ. ಮಯೂರ್ ಕೈ ತೊಳೆದು ಎದ್ದ. ಸೋತ ಬೇಸರ ಎಂದುಕೊಂಡೆ.

ಅಂದಿನಿಂದ ಈ ಮೌನ. ಗೋಲು ತಪ್ಪಿಸಿದ್ದಕ್ಕೆ ಇಷ್ಟು ನಾಚಿಕೆಯೇ? ಹಿಂದೆಯೂ ಎಷ್ಟೋ ತಪ್ಪಿಸಿದ್ದಾನೆ, ರಾತ್ರಿ ನನ್ನೊಡನೆ ಕೂತು ತಾನೇ ಆಡಿಕೊಂಡು ನಗುತ್ತಿದ್ದ. ಯಾವುದಾದರೂ ಹುಡುಗಿಯ ವಿಷಯವೇ? ಕಾಲೇಜಿನಲ್ಲಿ ಏನಾದರೂ ಆಯಿತೇ? ಇವರನ್ನು ಕೇಳಿದರೆ, "ಸೋತದ್ದಕ್ಕೆ ಮಾರಾಯ್ತಿ, ನಾಲ್ಕು ದಿವಸ ಬಿಡು" ಎನ್ನುತ್ತಾರೆ. ಆದರೆ ಇವರೊಡನೆ ಅವನು ಮಾತಾಡುತ್ತಾನಲ್ಲ. ನನ್ನೊಡನೆ ಮಾತ್ರ ಯಾಕೆ ಇಲ್ಲ? ಅದೊಂದು ನನಗೆ ಬಗೆಹರಿಯುತ್ತಿಲ್ಲ. ಬೇಕೆಂದೇ ಅವನಿಗಿಷ್ಟವಾದ ಕೋರಿರೊಟ್ಟಿ ಮಾಡಿದೆ. ತಿಂದ. ಚೆನ್ನಾಗಿದೆ ಎಂದು ಕೂಡ ಹೇಳಲಿಲ್ಲ. ನನಗೆ ಅಳು ಬಂತು ಅಕ್ಕ, ಈರುಳ್ಳಿಯ ಮೇಲೆ ಹಾಕಿ ಮುಗಿಸಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಕಿವಿಯ ಮಿಷನ್ ಡಬ್ಬಿಯಲ್ಲಿಡದೆ ಕಿವಿಯಲ್ಲಿಡಿ. ಮೊಮ್ಮಗಳಿಗೆ ನನ್ನ ಮುದ್ದು. ನನ್ನ ಮಗನಿಗೆ ಗದಗದಿಂದಲೇ ಒಂದು ಆಶೀರ್ವಾದ ಮಾಡಿ, ನನಗೂ ಸ್ವಲ್ಪ ಉಳಿಸಿ.

ನಿಮ್ಮ
ರಮಿತಾ

ತಾ.ಕ. ಕಾಗದ ಅಂಟಿಸುವ ಮೊದಲು ಇಂದು ಕುಶಲ ಬಂದಿದ್ದ. ತಂಡದ ಗೋಲ್‌ಕೀಪರ್, ಮಯೂರನ ಜೀವದ ಗೆಳೆಯ. ಆಡಲು ಬಾ ಎಂದು ಕರೆದು ಸೋತು, ಹೊರಡುವಾಗ ಮೆಟ್ಟಿಲ ಹತ್ತಿರ ನನಗೆ ಹೇಳಿದ. ಬರೆದವನು ಮಯೂರನೇ ಅಂತೆ. ಕಲ್ಯಾಣದ ಅಂಗಡಿಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹುಲಿ ಎಂದು ಒತ್ತಿದನಂತೆ, ಅದು ಎರಡು ಕನ್ನಡ ಪದ ತೋರಿಸಿತಂತೆ. ಅಂಗಡಿಯವನಿಗೂ ಕನ್ನಡ ಬಾರದು. ಅಮ್ಮನಿಗೆ ಫೋನು ಮಾಡಿ ಕೇಳು ಎಂದು ಕುಶಲ ಹೇಳಿದರೆ, ಬೇಡ, ಅಮ್ಮ ಮೈದಾನದಲ್ಲೇ ನೋಡಲಿ ಎಂದನಂತೆ. ಎರಡರಲ್ಲಿ ಒಂದಕ್ಕೆ ಕೆಳಗೆ ಸುರುಳಿ ಇತ್ತಲ್ಲ, ಹುಲಿಗೆ ಬಾಲ ಬೇಕು ಎಂದು ಅದನ್ನೇ ಆರಿಸಿದನಂತೆ.

ಟೈಗರ್ಸ್ ಎಂಬುದನ್ನು ಹುಲಿ ಮಾಡಿದ್ದು ಯಾಕೆ ಎಂದು ನಿಮಗೆ ಹೇಳಬೇಕೇ? ನಮ್ಮ ಮನೆಯ ಮಾತಿನಲ್ಲಿ ಹುಲಿ ಎಂದರೆ ಪಿಲಿ, ಹುಳಿ ಎಂದರೆ ಪುಳಿ. ಅವನನ್ನು ಹುಲಿ ಎಂದು ಕರೆದವರು ನೀವೊಬ್ಬರೇ. "ಏ ಹುಲಿ, ಬಾರಲೇ ಇಲ್ಲೆ, ರೊಟ್ಟಿ ತಿಂದು ಹೋಗು" ಎಂದು ಕೂಗುತ್ತಿದ್ದಿರಲ್ಲ.

ನಾನು ಹೋಗಿ ಅವನ ಎದುರು ಕೂತೆ. ನನಗೆ ಗೊತ್ತಿರಲಿಲ್ಲ ಮಗಾ, ನೀನು ಬರೆದದ್ದೆಂದು ಗೊತ್ತಿದ್ದರೆ ನಗುತ್ತಿದ್ದೆನಾ ಎಂದು ಕೇಳಿದೆ. ಅವನು ಹೇಳಿದ, "ಓದ್ಲಿಕ್ಕೆ ಬಾರದವರಿಗೆಲ್ಲ ಮಸ್ತ್ ಅನಿಸಿತು, ಅಮ್ಮ. ಓದ್ಲಿಕ್ಕೆ ಬರುವವರು ನಕ್ಕರು. ಸಬ್‌ಸೇ ಪೆಹಲೇ, ಎಲ್ಲರಿಗಿಂತ ಮೊದಲು, ನೀನು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜೆರ್ಸಿಯನ್ನು ಅವನೇ ಒಗೆದು ಬಾಲ್ಕನಿಯಲ್ಲಿ ಹಾಕಿದ್ದಾನೆ, ಅಕ್ಷರ ಕಾಣದ ಹಾಗೆ ಒಳಮೈ ಹೊರಗೆ ಮಾಡಿ. ತಿರುಗಿಸಿ ಹಾಕಿದರೆ ಬಿಲ್ಡಿಂಗಿಗೆಲ್ಲ ಕಾಣುತ್ತದೆ. ಹಾಗೇ ಬಿಟ್ಟರೆ ನನಗೂ ಅದು ನಾಚಿಕೆ ಎಂದಾಗುತ್ತದೆ. ಎರಡು ಸಲ ಕೈ ಚಾಚಿ ಹಿಂದೆಗೆದೆ, ಏನು ಮಾಡಬೇಕೆಂದು ಗೊತ್ತಾಗುತ್ತಿಲ್ಲ.

ಅಕ್ಕ, ಅವನ ಹೆಸರಿಗೆ ಒಂದು ಕಾಗದ ಹಾಕಿ. ಕನ್ನಡದಲ್ಲೇ ಬರೆಯಿರಿ, ದೊಡ್ಡ ದೊಡ್ಡ ಅಕ್ಷರದಲ್ಲಿ, ಏ ಹುಲಿ ಎಂದು ಶುರುಮಾಡಿ. ಅವನೇ ಓದಿಕೊಳ್ಳಲಿ, ಎಷ್ಟು ದಿನ ಹಿಡಿದರೂ ಹಿಡಿಯಲಿ. ನಾನು ಗಟ್ಟಿಯಾಗಿ ಓದುವುದಿಲ್ಲ.