ಬಾಯಿಗೆ ಬಂದ ಹೆಸರು

ಅತ್ತೆಯವರಿಗೆ ಅಸಾಬೆಯ ಸಲಾಂ.

ನೀವು ಕಾನೊ ಪಟ್ಟಣಕ್ಕೆ ಹೋದ ಮೇಲೆ ಪಕ್ಕದ ಮನೆ ಲಾಡಿಯ ಮಗಳಿಗೆ ದಡಾರ ಎದ್ದಿದೆ. “ಮನೆಗೆ ಅತಿಥಿ ಬಂದಿದ್ದಾನೆ ಕಣೇ, ಓಡಿಸಬಾರದು” ಅಂತ ದಡಾರವನ್ನೇ ಅತಿಥಿ ಮಾಡಿಕೊಂಡು ಲಾಡಿ ಆಸ್ಪತ್ರೆಗೆ ಹೋಗುತ್ತಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿಮ್ಮನ್ನು ಕೇಳದೆಯೇ ನಿಮ್ಮ ಮೊಮ್ಮಗನನ್ನು ಎತ್ತಿಕೊಂಡು ಲಸಿಕೆ ಹಾಕಿಸಲು ಓಡಿದೆ.

ನರ್ಸಮ್ಮ ಹೆಸರು ಕೇಳಿದರು. ಚೊಚ್ಚಲ ಮಗನ ಹೆಸರನ್ನು ಹೆತ್ತವಳು ಬಾಯಲ್ಲಿ ತರಬಾರದಲ್ಲ. ಹೇಳುವುದಕ್ಕೆ ಪಕ್ಕದಲ್ಲಿ ನೀವಿರಲಿಲ್ಲ. “ನಾಚಿಕೆ ಮನೇಲಿಟ್ಟು ಬಾರಮ್ಮಾ, ಹಿಂದೆ ಎಷ್ಟು ಜನ ಕಾಯ್ತಿದಾರೆ ನೋಡು!” ಅಂದರು ನರ್ಸಮ್ಮ.

“ತನಿಮು” ಅಂದುಬಿಟ್ಟೆ.

ಬೈಯುವುದಿದ್ದರೆ ಬೇಗ ಬಂದು ಬೈಯಿರಿ. ಹಾಗೇ ಲಾಡಿಗೂ ಬೈದು ಆಸ್ಪತ್ರೆಗೆ ಕಳಿಸಿ, ನಿಮ್ಮ ಮಾತನ್ನು ಅವಳು ಮೀರುವುದಿಲ್ಲ. ಮೊಮ್ಮಗನಿಗೆ ಜ್ವರವಿಲ್ಲ. ಅಮ್ಮ ಇನ್ನೊಂದು ಸಲ ಹೆಸರು ಹಿಡಿದು ಕರೆಯುತ್ತಾಳೇನೋ ಅಂತ ನನ್ನ ಬಟ್ಟೆಯ ಚುಂಗು ಹಿಡಿದು ಸುತ್ತುತ್ತಿದ್ದಾನೆ.

ನಿಮ್ಮ ಸೊಸೆ,
ಅಸಾಬೆ