ಗೊಮಾಗೆ ಜೋಡಿ ಸಿಕ್ಕಿದೆ

ಸುಮಿಕಾ,

ಇದನ್ನು ಕಳಿಸುವುದಿಲ್ಲ, ಆದರೂ ಹೇಳಬೇಕಾದವಳು ನೀನೊಬ್ಬಳೇ. ಓಬೊನ್ ಹಬ್ಬದ ರಜೆಗೆ ಅಮ್ಮ, ತಮ್ಮನ ಜೊತೆ ಕಡಲತೀರದ ಅಕ್ವೇರಿಯಂಗೆ ಹೋಗಿದ್ದೆ. ಜನ, ಸೆಕೆ, ತಮ್ಮನ ರಗಳೆ. ಪೆಂಗ್ವಿನ್‌ಗಳ ಹತ್ತಿರ ಬರುವಷ್ಟರಲ್ಲಿ ಕಾಲು ಸೋತುಹೋಗಿತ್ತು.

“ಸುಮಿಕಾ ಯಾಕೆ ಬರ್ಲಿಲ್ವೇ? ಗಾಜಿಗೆ ಮೂಗು ಒತ್ತಿ ನಿಂತ್ರೆ ಅಲ್ಲಾಡ್ತಾನೇ ಇರ್ಲಿಲ್ಲ ಆ ಹುಡುಗಿ” ಅಂದಳು ಅಮ್ಮ.

“ಅವಳಿಗೆ ಟ್ಯೂಷನ್” ಅಂದೆ.

ಯಾವ ಪೆಂಗ್ವಿನ್‌ಗೆ ಯಾವುದು ಜೋಡಿ ಅಂತ ಗೋಡೆಗೆ ಪಟ ಹಾಕಿರುತ್ತಾರಲ್ಲ, ಈ ವರ್ಷದ್ದು ಹೊಸದು. ರೆಕ್ಕೆಗೆ ಹಳದಿ ಪಟ್ಟಿ ಕಟ್ಟಿಕೊಂಡ ನಿನ್ನ ಗೊಮಾ ಈಗ ಒಂಟಿಯಲ್ಲ. ಅವನಿಂದ ನೋರಿ ಅನ್ನುವವಳವರೆಗೆ ಗೆರೆ ಎಳೆದು ಹೃದಯ ಬಿಡಿಸಿದ್ದಾರೆ.

ಮೀನು ಹಾಕುವ ಅಕ್ಕ ನಕ್ಕಳು. “ನಾಲ್ಕು ವರ್ಷ ಗೂಡು ಕಟ್ಟೋಣ ಬಾ ಅಂತ ಎಲ್ಲ ಹೆಣ್ಣುಗಳ ಮುಂದೂ ಕಲ್ಲು ತಗೊಂಡ್ಹೋಗಿ ಇಟ್ಟ, ಪಾಪ. ಕೊನೆಗೂ ಒಬ್ಳು ಇಸ್ಕೊಂಡ್ಲು.”

ಗೊಮಾಗೂ ಒಂದಿನ ಜೋಡಿ ಸಿಕ್ಕೇ ಸಿಗುತ್ತೆ ಅಂತ ನೀನು ಹೇಳಿದ್ದೇ ಆಯಿತು. ಅವತ್ತು ಅದಕ್ಕೆ ಕ್ಲಾಸಿನ ಗ್ರೂಪಿನಲ್ಲಿ ನಾನು, “ಗೊಮಾನೂ ನಿನ್ ಥರಾನೇ, ಯಾರಿಗೂ ಬೇಡ” ಅಂತ ಹಾಕಿದ್ದೆ. ಎಲ್ಲರೂ ನಗುವ ಮುಖ ಒತ್ತಿದರು. ನೀನು ಗ್ರೂಪ್ ಬಿಟ್ಟೆ.

ಪಟದ ಫೋಟೊ ತೆಗೆದೆ. ಬೆರಳು ತಾನಾಗಿ ನಿನ್ನ ಹೆಸರು ಒತ್ತಿತು. ಏಪ್ರಿಲ್‌ನಲ್ಲಿ ಕಳಿಸಿದ ಮೆಸೇಜನ್ನು ನೀನಿನ್ನೂ ತೆರೆದಿಲ್ಲ. ತೆರೆಯದಿದ್ದದ್ದೇ ಒಳ್ಳೆಯದು. ಅದರಲ್ಲಿ ಇರುವುದು ಇಷ್ಟೇ: “ತಮಾಷೆ ಕಣೇ, ಅಷ್ಟಕ್ಕೆಲ್ಲ ಮುನಿಸಾ?”