ತಿದ್ದಿ ಕಳಿಸಿದ ಪ್ರಶ್ನೆ

ಮನೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಜಗಳಗಂಟಿಗೆ,

ನಿನ್ನ ಎದೆಯ ಗಡ್ಡೆ ನಾಲ್ಕೂವರೆ ಸೆಂಟಿಮೀಟರಿನಿಂದ ಒಂದೂಕಾಲಿಗೆ ಇಳಿದಿದೆ. ಇದನ್ನು ನನಗೆ ತಿಳಿಸಿದವಳು ನಿನ್ನ ತಂಗಿ. ನಿನ್ನೆ ಮಧ್ಯಾಹ್ನ ನಾನು ಆರನೇ ಪುಟದ ಕರಡು ತಿದ್ದುತ್ತಿದ್ದಾಗ ಫೋನ್ ಮಾಡಿದಳು. ಸ್ಕ್ಯಾನ್ ವರದಿ ಬಂದದ್ದು ಶನಿವಾರವಂತೆ. ಎರಡು ದಿನ ಹಳೆಯ ಸುದ್ದಿಯನ್ನು ನಮ್ಮ ಪತ್ರಿಕೆಯವರೂ ಹಾಕುವುದಿಲ್ಲ.

ಹೇಗಿದ್ದೀಯ? ಬೆರಳ ತುದಿಯ ಜೋಮು ಬಿಟ್ಟಿತೇ? ಬಾಯಿಹುಣ್ಣು ಒಣಗಿತೇ? ನಾನು ಚೆನ್ನಾಗಿದ್ದೇನೆ, ಹೊಟ್ಟೆಯುರಿ ಒಂದನ್ನು ಬಿಟ್ಟರೆ. ಅದಕ್ಕೆ ಮಾತ್ರೆ ಕಳಿಸಬೇಡ, ಮೊದಲು ಪೂರ್ತಿ ಓದು.

ಆಸ್ಪತ್ರೆ ನಿನ್ನ ತಂಗಿಯ ಮನೆಯಿಂದ ಹತ್ತು ನಿಮಿಷ, ನಮ್ಮ ಮನೆಯಿಂದ ಐದು ಗಂಟೆ. ಕೀಮೋ ಮುಗಿಯುವವರೆಗೆ ಅಲ್ಲೇ ಇರು ಎಂದವನು ನಾನೇ, ಒಪ್ಪಿದೆ. ಆದರೆ ಕಳೆದ ತಿಂಗಳು ಬಂದಾಗ ನಿನ್ನ ಫೈಲಿನ ಮೇಲೆ 'ಜೊತೆಗಿರುವವರು' ಎಂಬಲ್ಲಿ ಅವಳ ಗುಂಡು ಅಕ್ಷರ ಕಂಡೆ. ಒಂದೂ ತಪ್ಪಿರಲಿಲ್ಲ, ಆದರೂ ತಿದ್ದಲು ಕೈ ತುರಿಸಿತು. ನಿನ್ನ ತಲೆ ಬೋಳಿಸಿದವಳು ಅವಳು. ಯಾವ ವಾಸನೆಗೆ ನಿನಗೆ ವಾಕರಿಕೆ ಬರುತ್ತದೆಂದು ಬಲ್ಲವಳು ಅವಳು. ನಾನು ಫೋನ್ ಮಾಡಿದಾಗಲೆಲ್ಲ ನೀವಿಬ್ಬರೂ ಯಾವುದಕ್ಕೋ ನಗುತ್ತಿರುತ್ತೀರಿ. ಏನೆಂದು ಕೇಳಿದರೆ 'ಏನಿಲ್ಲ ಬಿಡಿ' ಅನ್ನುತ್ತೀಯ. ಇಪ್ಪತ್ತಾರು ವರ್ಷ ಆ ನಗುವಿಗೆ ಕಾರಣ ನಾನಾಗಿದ್ದೆ, ಬಹುಪಾಲು ನೀನು ನಗುತ್ತಿದ್ದದ್ದು ನನ್ನನ್ನು ನೋಡಿಯೇ ಆದರೂ.

"ಭಾವ, ಅಕ್ಕ ಗಡ್ಡೆ ಇರೋ ಭಾಗ ಮಾತ್ರ ತೆಗೆಸ್ತಾಳಂತೆ, ಆಮೇಲೆ ರೇಡಿಯೇಶನ್," ಎಂದಳು. ತೀರ್ಮಾನವೂ ಆಗಿಹೋಗಿದೆ! "ಪೂರ್ತಿ ತೆಗೆಸಿದ್ರೆ ಮತ್ತೆ ಬರೋ ಮಾತೇ ಇರಲ್ಲ, ಅಷ್ಟೂ ಗೊತ್ತಾಗಲ್ವಾ ನಿಮಗೆ?" ಎಂದು ಕೂಗಿದೆ. "ಯಾರು ಹೇಳಿದ್ರು? ನಿಮ್ಮ ಪೇಪರಾ?" ಎಂದಳು. ಯಾರೂ ಹೇಳಿರಲಿಲ್ಲ.

ಸರ್ಜನ್‌ಗೇ ಫೋನ್ ಮಾಡಿ ಕೇಳಿದೆ. ನಿನ್ನಂಥವರಲ್ಲಿ ಭಾಗ ತೆಗೆದು ರೇಡಿಯೇಶನ್ ಕೊಟ್ಟರೂ, ಸ್ತನವನ್ನು ಪೂರ್ತಿ ತೆಗೆದರೂ ಆಯುಷ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲವಂತೆ. ಉಳಿಸಿಕೊಂಡರೆ ಅದೇ ಜಾಗದಲ್ಲಿ ಮರುಕಳಿಸುವ ಸಾಧ್ಯತೆ ತುಸು ಹೆಚ್ಚು. ಪೂರ್ತಿ ತೆಗೆದರೂ ಅದು ಸೊನ್ನೆಯಾಗುವುದಿಲ್ಲ. ದೇಹದ ಬೇರೆ ಕಡೆ ಬರುವುದು ಬಿಡುವುದು ಗಡ್ಡೆಯ ಸ್ವಭಾವಕ್ಕೆ, ಅದು ಕೀಮೋಗೆ ಎಷ್ಟು ಬಗ್ಗಿತು ಎಂಬುದಕ್ಕೆ ಬಿಟ್ಟದ್ದು. ತೆಗೆದ ತುಂಡಿನ ಅಂಚಿನಲ್ಲಿ ರೋಗ ಕಂಡರೆ ಇನ್ನೊಮ್ಮೆ ಆಪರೇಶನ್. ಎರಡು ದಾರಿಯೂ ತೆರೆದಿವೆ, ಆಯ್ಕೆ ನಿಮ್ಮ ಹೆಂಡತಿಯದೇ ಎಂದರು. ಇಷ್ಟನ್ನೂ ನಿನ್ನ ತಂಗಿ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳಂತೆ.

ಸಂಜೆ ಅವಳಿಗೆ ಮತ್ತೆ ಫೋನ್ ಮಾಡಿದೆ. ಎಲ್ಲ ನೀವೇ ನಿರ್ಧರಿಸೋದಾದರೆ ಗಂಡ ಅಂತ ನಾನ್ಯಾಕೆ, ಒಂದು ಮಾತು ಕೇಳಬಾರದಿತ್ತೇ ಎಂದೆ. "ಕೇಳಿದ್ದಳಲ್ಲ ಭಾವ. ಮೊದಲು ನಿಮ್ಮನ್ನೇ ಕೇಳಿದ್ದು. ನೀವು ಒತ್ತಕ್ಷರ ತಿದ್ದಿ ವಾಪಸ್ ಕಳಿಸಿದ್ರಿ," ಎಂದಳು.

ನೆನಪಾಯಿತು. ಮೂರನೇ ಕೀಮೋ ಆದ ಮೇಲೆ ನೀನು ಬರೆದ ಎರಡು ಪುಟ. ಕಚೇರಿಯ ಮೇಜಿನ ಮೇಲೆ, ಕರಡುಗಳ ನಡುವೆ ಓದಿದ್ದೆ. ಓದಿದೆನೆಂದುಕೊಂಡಿದ್ದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು. ನಿನ್ನನ್ನು ರೇಗಿಸೋಣವೆಂದು 'ಈಗ ಸರಿಯಿದೆ' ಎಂದು ಕೆಳಗೆ ಬರೆದು ಅಂಚೆಗೆ ಹಾಕಿದೆ. ನಿನ್ನ ತಂಗಿ ಅದನ್ನು ತಂದು ಫೋನಿನಲ್ಲಿ ಓದಿದಳು. ನನಗೆಂದು ಬರೆದ ಪತ್ರವನ್ನು ಅವಳ ಬಾಯಿಂದ ಕೇಳಬೇಕಾಯಿತು. ಕೊನೆಯ ಸಾಲು: 'ಪೂರ್ತಿ ತೆಗೆದ ಮೇಲೆ ನನ್ನನ್ನು ನೋಡೋಕೆ ನಿಮಗೆ ಕಷ್ಟ ಆಗುತ್ತಾ'. ಪ್ರಶ್ನೆಯ ಚಿಹ್ನೆ ನೀನು ಹಾಕಿರಲಿಲ್ಲ. ಕೆಂಪಿನಲ್ಲಿದೆ ಎಂದಳು. ಅದನ್ನು ಹಾಕಿದವನು ನಾನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಂಗಿಗೆ ನನ್ನ ಕೃತಜ್ಞತೆ ತಿಳಿಸು. ಒಂದು ಸಲ ಹೇಳಿದರೆ ಸಾಕು, ಎರಡು ಸಲ ಬೇಡ.

ನಿನ್ನವನೇ ಆದ,
ಕರಡು ತಿದ್ದುವವ

ಇನ್ನೊಂದು ಮಾತು: ಕಷ್ಟ ಆಗುವುದಿಲ್ಲ. ಸ್ವಲ್ಪ ತೆಗೆದರೂ, ಪೂರ್ತಿ ತೆಗೆದರೂ. ಮತ್ತೆ ಬಂದೀತೆಂಬ ಹೆದರಿಕೆ ನನಗಿದೆ, ಅದು ಎರಡರಲ್ಲೂ ಇರುತ್ತದೆ. ನನ್ನ ಕಣ್ಣಿಗೆ ಅಂಜಿ ಭಾಗ ಮಾತ್ರ ಎಂದಿದ್ದರೆ ತೀರ್ಮಾನ ಬದಲಿಸು. ನಿನಗಾಗಿ ಎಂದಿದ್ದರೆ ಯಾರ ಮಾತಿಗೂ ಬದಲಿಸಬೇಡ, ನನ್ನ ಮಾತಿಗೂ. ಸರ್ಜನ್ ನಿನ್ನ ತೀರ್ಮಾನ ಬರೆದುಕೊಳ್ಳುವುದು ೨೧ರ ಗುರುವಾರ, ಬೆಳಿಗ್ಗೆ ಹತ್ತೂವರೆಗೆ. ನಾನು ೨೦ರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.